ಐವತ್ತು ದಾಟಿದವರ ಗಂಟಲಿನಿಂದ ಆ ಅಬ್ಬರ ಹೇಗೆ ಬರುತ್ತದೆ?

ಪ್ರಶ್ನೆ: ನನ್ನ ಮಗ ಡೆತ್ ಮೆಟಲ್ ಎಂಬ ಬಿರುಸಿನ ರಾಕ್ ಸಂಗೀತ ಕೇಳುತ್ತಾನೆ, ರೂಮಿನ ಬಾಗಿಲು ಹಾಕಿಕೊಂಡು ತಾನೂ ಹಾಗೇ ಅಬ್ಬರಿಸುತ್ತಾನೆ. ಮೊನ್ನೆ ಕೇಳಿಸಿದ ಆಲ್ಬಂನಲ್ಲಿ ಹಾಡಿದವರಿಗೆ ಐವತ್ತು ವರ್ಷವಂತೆ. ಅವರ ಗಂಟಲು ಇಷ್ಟು ಕಾಲ ಹೇಗೆ ಉಳಿಯಿತು? ಇವನದು ಕೆಟ್ಟುಹೋಗುವುದಿಲ್ಲವೇ?
(ರಾಜಾಜಿನಗರದ ಓದುಗರೊಬ್ಬರು)

ಉತ್ತರ: ಕಲಿತು ಹಾಡಿದರೆ ಉಳಿಯುತ್ತದೆ, ಅದಕ್ಕೆ ಆ ಹಿರಿಯರೇ ಸಾಕ್ಷಿ. ಕಲಿಯದೆ ಅರಚಿದರೆ ಒಂದೇ ಸಂಜೆಯಲ್ಲೂ ಪೆಟ್ಟಾಗಬಹುದು.

ನಾವು ಮಾತಾಡುವಾಗ ಅದುರುವುದು ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳು. ಅವುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾಮೂಲಿ ಮಾತಿನಲ್ಲಿ ಅವು ದೂರ ಸರಿದು ಸುಮ್ಮನಿರುತ್ತವೆ. ಗ್ರೌಲ್, ಅಂದರೆ ಈ ಹಾಡುಗಾರರ ಗುರುಗುಟ್ಟುವ ಅಬ್ಬರ, ಮಾಡುವಾಗ ಈ ಮೇಲಿನ ಮಡಿಕೆಗಳು ಹತ್ತಿರ ಬಂದು ಅದುರುತ್ತವೆ. ಆ ಅದುರಾಟಕ್ಕೆ ಒಂದು ಲೆಕ್ಕವಿಲ್ಲ, ಹಾಗಾಗಿ ಸ್ವರ ಸ್ಪಷ್ಟವಾಗಿ ನಿಲ್ಲದೆ ಗೊರಗೊರ ಎನ್ನುತ್ತದೆ. ಶಕ್ತಿ ಬರಬೇಕಾದದ್ದು ಹೊಟ್ಟೆಯಿಂದ ಹಿಡಿತದಲ್ಲಿ ಬಿಡುವ ಉಸಿರಿನಿಂದ, ಕತ್ತಿನ ನರ ಉಬ್ಬಿಸುವುದರಿಂದಲ್ಲ. ಯಕ್ಷಗಾನದ ಬಣ್ಣದ ವೇಷದವರು ತೆರೆಯ ಹಿಂದಿನಿಂದ ಆರ್ಭಟ ಕೊಡುತ್ತಾರಲ್ಲ, ಅವರದೂ ಉಸಿರಿನ ಮೇಲಿನ ಕೆಲಸವೇ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಪಳಗಿದವರ ಪಕ್ಕದಲ್ಲಿ ಮೈಕ್ ಇಲ್ಲದೆ ನಿಂತು ಕೇಳಿ, ಅವರ ಗ್ರೌಲ್ ಅಷ್ಟೇನೂ ಜೋರಾಗಿರುವುದಿಲ್ಲ. ತುಟಿ ಮೈಕಿಗೆ ತಾಗುವಷ್ಟು ಹತ್ತಿರ, ಬಾಯಿ ಗುಂಡಗೆ, ನಾಲಿಗೆ ಹಿಂದಕ್ಕೆ. ಆ ದೈತ್ಯ ಗಾತ್ರ ಕೊಡುವುದು ಬಾಯಿಯ ಆಕಾರ ಮತ್ತು ಆಂಪ್ಲಿಫೈಯರ್. 2011ರಲ್ಲಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿದಂಥ ದೊಡ್ಡ ಕಾರ್ಯಕ್ರಮಗಳ ಮರುದಿನ ಗಂಟಲು ಕಟ್ಟಿರುವುದು ಹೆಚ್ಚಾಗಿ ಕೇಳಲು ಹೋದವರದು.

ಈಗ ಹಿರಿಯರ ಮಾತು. ಫ್ಲೋರಿಡಾದ ಒಬಿಚುಯರಿ ತಂಡದ ಜಾನ್ ಟಾರ್ಡಿ 1989ರ ಮೊದಲ ಆಲ್ಬಂನಲ್ಲಿ ಪದಗಳಿಗಿಂತ ಹೆಚ್ಚಾಗಿ ಬರೀ ದನಿಯನ್ನೇ ಹಾಡಿದವರು. 2023ರ ಆಲ್ಬಂನಲ್ಲೂ ಅದೇ ಗಂಟಲು, ಡ್ರಮ್ಸ್‌ನಲ್ಲಿ ಅದೇ ತಮ್ಮ ಡೊನಾಲ್ಡ್. ಕ್ಯಾನಿಬಲ್ ಕಾರ್ಪ್ಸ್ ತಂಡದಲ್ಲಿ ಜಾರ್ಜ್ ಫಿಷರ್ 1995ರಿಂದ ಹಾಡುತ್ತಿದ್ದಾರೆ.

ನಿಮ್ಮ ಮಗ ಕೇಳಿಸಿದ್ದು ಬಹುಶಃ ಸ್ವೀಡನ್ನಿನ ಒಪೆತ್ ತಂಡದ 2024ರ ಆಲ್ಬಂ. ಅದರ ಗಾಯಕ ಮಿಕೇಲ್ ಓಕರ್‌ಫೆಲ್ಟ್ 2008ರ ನಂತರ ಸ್ಟುಡಿಯೋ ಆಲ್ಬಂಗಳಲ್ಲಿ ಗ್ರೌಲ್ ಬಿಟ್ಟೇಬಿಟ್ಟಿದ್ದರು. ಹದಿನಾರು ವರ್ಷದ ಮೇಲೆ, ತಮ್ಮ ಐವತ್ತನೇ ವಯಸ್ಸಿನಲ್ಲಿ ಮತ್ತೆ ಎತ್ತಿಕೊಂಡರು. ಆದರೆ ಆ ವರ್ಷಗಳಲ್ಲೂ ವೇದಿಕೆಯ ಮೇಲೆ ಹಳೆಯ ಹಾಡುಗಳನ್ನು ಗ್ರೌಲ್ ಸಮೇತ ಹಾಡುತ್ತಲೇ ಇದ್ದರು, ಸಾಧಕ ತಪ್ಪಿರಲಿಲ್ಲ. ಸತ್ತ ಯಜಮಾನನೊಬ್ಬನ ಉಯಿಲನ್ನು ಮಕ್ಕಳ ಮುಂದೆ ಓದುವ ಕಥೆ ಆ 2024ರ ಆಲ್ಬಂನದು. ಅಬ್ಬರದ ನಡುವೆಯೂ ಪದಗಳು ಒಂದೊಂದಾಗಿ ಕೇಳಿಸುತ್ತವೆ, ಹಿಂದೆಯೇ ಮೃದುವಾದ ಸಾದಾ ದನಿ ಬರುತ್ತದೆ. ಗಂಟಲು ಸವೆದವರಿಗೆ ಹೀಗೆ ಅತ್ತಿಂದಿತ್ತ ದಾಟಲು ಆಗುವುದಿಲ್ಲ. ವಯಸ್ಸಿನಿಂದ ಆ ದನಿಗೆ ತೂಕ ಬಂದಿದೆ ಎಂದೇ ನನ್ನ ಅಭಿಪ್ರಾಯ. ಇಪ್ಪತ್ತರ ಹುಡುಗ ಆ ಯಜಮಾನನಾಗಿ ಹಾಡಿದ್ದರೆ ನಾನು ನಂಬುತ್ತಿರಲಿಲ್ಲ.

ಇನ್ನು ನಿಮ್ಮ ಮಗ. ದಯವಿಟ್ಟು ಬೈದು ನಿಲ್ಲಿಸಬೇಡಿ. ಬೆಂಗಳೂರಿನಲ್ಲಿ ತೊಂಬತ್ತರ ದಶಕದಿಂದಲೇ ಡೈಯಿಂಗ್ ಎಂಬ್ರೇಸ್‌ನಂಥ ತಂಡಗಳು ಈ ಸಂಗೀತ ಮಾಡಿಕೊಂಡು ಬಂದಿವೆ, ಅವನು ಇಲ್ಲಿ ಒಂಟಿಯಲ್ಲ. ಧ್ವನಿ ಒಡೆಯುವ ವಯಸ್ಸಾಗಿದ್ದರೆ ಅದು ನಿಲ್ಲುವವರೆಗೆ ತಡೆಯಲಿ. ಮೊದಲು ಬಾಯಿ ಮುಚ್ಚಿ ಗುನುಗಿ ಗಂಟಲು ಬಿಸಿ ಮಾಡಿಕೊಳ್ಳಲಿ, ಮೆಲ್ಲಗೆ ಶುರುಮಾಡಲಿ, ನೀರು ಕುಡಿಯುತ್ತಿರಲಿ. ಉರಿಯೋ ನೋವೋ ಕಂಡರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಬೇಕು, ನೋವು ತಿಂದು ಪಳಗುವ ವಿದ್ಯೆ ಇದಲ್ಲ. ಉಸಿರಿನ ಹಿಡಿತ ಕಲಿಯಲು ಹತ್ತಿರದ ಸಂಗೀತದ ಮೇಷ್ಟ್ರ ಹತ್ತಿರ ಕಳಿಸಿದರೂ ಆದೀತು. ಎರಡು ಮೂರು ವಾರವಾದರೂ ದನಿ ಒಡಕಾಗಿಯೇ ಉಳಿದರೆ ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ. ಅವರು ಸಣ್ಣ ಕ್ಯಾಮೆರಾ ಇಳಿಸಿ ಧ್ವನಿತಂತುಗಳ ಮೇಲೆ ಗಂಟು, ಊತ ಇದೆಯೇ ಎಂದು ನೋಡುತ್ತಾರೆ.