ಅಮೆರಿಕದಲ್ಲಿರುವ ನಮ್ಮೂರ ಹುಡುಗ ದುಡ್ಡು ಕೊಡ್ತಾನಂತೆ, ನಮ್ಮ ಟ್ರಸ್ಟ್ ತಗೋಬಹುದಾ?

ಪ್ರಶ್ನೆ: ನಮ್ಮದು ತಾಲ್ಲೂಕಿನ ಒಂದು ಸಣ್ಣ ಟ್ರಸ್ಟ್. ಐದು ವರ್ಷದಿಂದ ಮಕ್ಕಳಿಗೆ ವಾಚನಾಲಯ, ಸಂಜೆ ಪಾಠ ನಡೆಸುತ್ತಿದ್ದೇವೆ. ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಎರಡೂ ಆಗಿವೆ. ನಮ್ಮೂರಿನವನೇ ಒಬ್ಬ ಅಮೆರಿಕದಲ್ಲಿದ್ದಾನೆ. ವಾಚನಾಲಯಕ್ಕೆ 3 ಲಕ್ಷ ರೂಪಾಯಿ ಕೊಡ್ತೀನಿ ಅಂತಿದ್ದಾನೆ. ನೇರವಾಗಿ ನಮ್ಮ ಖಾತೆಗೆ ಹಾಕಿಸಿಕೊಳ್ಳಬಹುದಾ? ವಿದೇಶಿ ದೇಣಿಗೆಗೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ಮಾಡಿಸಲೇಬೇಕಾ?

ಉತ್ತರ: ಮೊದಲು ಅವನನ್ನು ಒಂದೇ ಮಾತು ಕೇಳಿ. ನಿನ್ನ ಪಾಸ್‌ಪೋರ್ಟ್ ಯಾವ ದೇಶದ್ದು?

ಎಲ್ಲವೂ ನಿಂತಿರುವುದು ಇದರ ಮೇಲೆ. ಅವನು ಎಲ್ಲಿ ವಾಸ ಮಾಡುತ್ತಾನೆ ಅನ್ನುವುದು ಮುಖ್ಯವಲ್ಲ. ದುಡ್ಡು ಡಾಲರ್‌ನಲ್ಲಿ ಬರುತ್ತೋ ರೂಪಾಯಿಯಲ್ಲಿ ಬರುತ್ತೋ ಅನ್ನುವುದೂ ಮುಖ್ಯವಲ್ಲ. ಅವನು ಇನ್ನೂ ಭಾರತದ ಪ್ರಜೆಯಾಗಿದ್ದು, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ದೇಣಿಗೆಯೇ ಅಲ್ಲ. ಗ್ರೀನ್ ಕಾರ್ಡ್ ಸಿಕ್ಕಿದ್ದರೂ ಸರಿ, ಪಾಸ್‌ಪೋರ್ಟ್ ಭಾರತದ್ದಾಗಿದ್ದರೆ ಸಾಕು. ಪಾಸ್‌ಪೋರ್ಟಿನ ಪ್ರತಿ ತರಿಸಿಕೊಳ್ಳಿ, ರಸೀದಿ ಕೊಡಿ, ಎರಡನ್ನೂ ಫೈಲಿನಲ್ಲಿಡಿ. ಎಫ್‌ಸಿಆರ್‌ಎ ಬೇಕಾಗಿಲ್ಲ.

ಅವನು ಅಮೆರಿಕದ ಪ್ರಜೆ ಆಗಿದ್ದರೆ ಕಥೆಯೇ ಬೇರೆ. ಆಗ ಅವನು ಊರಿಗೆ ಬಂದಾಗ ಜೇಬಿನಿಂದ ರೂಪಾಯಿ ನೋಟು ತೆಗೆದುಕೊಟ್ಟರೂ ಅದು ವಿದೇಶಿ ದೇಣಿಗೆ. 12ಎ, 80ಜಿ ಇದೆಯಲ್ಲಾ ಅಂತ ಬಹಳ ಜನ ಕೇಳುತ್ತಾರೆ. ಅವು ಆದಾಯ ತೆರಿಗೆಗೆ ಸಂಬಂಧಪಟ್ಟವು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ 2010ರ ಎಫ್‌ಸಿಆರ್‌ಎ, ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ಒಂದಿದ್ದರೆ ಇನ್ನೊಂದು ಇದ್ದ ಹಾಗೆ ಆಗುವುದಿಲ್ಲ.

ಸಣ್ಣ ಟ್ರಸ್ಟ್‌ಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಒಮ್ಮೆ ಒಂದು ಕಡೆ ದಾನಿಯ ದಾಖಲೆ ಕೇಳಿದೆ. ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಬೀರು ತೆಗೆದು ಒಂದು ಜೆರಾಕ್ಸ್ ತಂದು ಮುಂದಿಟ್ಟರು. "ನೋಡಿ, ಸಿಂಹದ ಲಾಂಛನ ಇದೆ. ಸಿಟಿಜನ್ ಆಫ್ ಇಂಡಿಯಾ ಅಂತ ಸ್ಪಷ್ಟವಾಗಿ ಇದೆ" ಅಂತ ಬೆರಳಿಟ್ಟು ಓದಿದರು. ಬೆರಳು ಸರಿಸಿದಾಗ ಅದರಡಿ ಮುಚ್ಚಿಹೋಗಿದ್ದ ಪದ ಕಾಣಿಸಿತು: 'ಓವರ್‌ಸೀಸ್'. ಅದು ಒಸಿಐ, ಅಂದರೆ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ' ಪುಸ್ತಕ. ಅದು ಇರುವವರು ಬೇರೆ ದೇಶದ ಪ್ರಜೆಗಳು. ಮೇಷ್ಟ್ರ ತಪ್ಪೇನೂ ಇಲ್ಲ, ಆ ಹೆಸರೇ ಯಾರನ್ನಾದರೂ ದಾರಿ ತಪ್ಪಿಸುತ್ತೆ. ಆದ್ದರಿಂದ ದಾನಿಯ ಪಾಸ್‌ಪೋರ್ಟನ್ನೇ ಕೇಳಿ, ಒಸಿಐ ನೋಡಿ ಸುಮ್ಮನಾಗಬೇಡಿ.

ನಮ್ಮವರು ಎಡವುವ ಜಾಗ ಇನ್ನೂ ಎರಡು ಇವೆ. ಒಂದು, ಕಂಪನಿಯ ಮ್ಯಾಚಿಂಗ್ ದುಡ್ಡು. ಹುಡುಗ ಭಾರತದ ಪ್ರಜೆಯೇ ಇರಬಹುದು. ಅವನು 1 ಲಕ್ಷ ಕೊಟ್ಟರೆ ಅವನ ಅಮೆರಿಕದ ಕಂಪನಿಯೂ 1 ಲಕ್ಷ ಸೇರಿಸುತ್ತೆ. ಅವನ ಪಾಲಿಗೆ ತೊಂದರೆಯಿಲ್ಲ, ಕಂಪನಿಯ ಪಾಲು ವಿದೇಶಿ ದೇಣಿಗೆ. ಅದೇ ಕಂಪನಿಯ ಬೆಂಗಳೂರಿನ ಭಾರತೀಯ ಶಾಖಾ ಕಂಪನಿ ಸಿಎಸ್‌ಆರ್ (ಸಮಾಜಸೇವೆಗೆಂದು ಕಂಪನಿ ಎತ್ತಿಡುವ) ದುಡ್ಡು ಕೊಟ್ಟರೆ, ವಿದೇಶಿ ಹೂಡಿಕೆ ಸರ್ಕಾರ ಹಾಕಿದ ಮಿತಿಯೊಳಗೆ ಇರುವ ತನಕ, ಅದಕ್ಕೆ ಈ ಕಾಯ್ದೆ ಅಡ್ಡ ಬರುವುದಿಲ್ಲ. ಎರಡನೆಯದು ಕನ್ನಡ ಕೂಟ. ಹೊರದೇಶದಲ್ಲಿ ಕಟ್ಟಿದ ಸಂಘ ವಿದೇಶಿ ಮೂಲವೇ. ಸದಸ್ಯರೆಲ್ಲ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೂ ಕೂಟದ ಖಾತೆಯಿಂದ ಬಂದ ದುಡ್ಡಿಗೆ ಅನುಮತಿ ಬೇಕು. ರಾಜ್ಯೋತ್ಸವದ ದಿನ ಊರ ಶಾಲೆಗೆಂದು ಪ್ರೀತಿಯಿಂದ ಹುಂಡಿ ಇಟ್ಟು ಕೂಡಿಸುತ್ತಾರೆ. ಆ ದುಡ್ಡನ್ನು ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಹಾಗಾದರೆ ಅಮೆರಿಕದ ಪ್ರಜೆಯಾದ ಹುಡುಗ ಅವನ ಅಮ್ಮನಿಗೆ ಕಳಿಸಲಿ, ಅಮ್ಮ ನಮಗೆ ಕೊಡಲಿ ಅನ್ನುತ್ತೀರಾ? ಆಗುವುದಿಲ್ಲ. ಮಗ ಅಮ್ಮನಿಗೆ ಕಳಿಸುವುದು ತಪ್ಪಲ್ಲ. ಆದರೆ ಆ ದುಡ್ಡು ಎಷ್ಟು ಕೈ ದಾಟಿ ಬಂದರೂ ವಿದೇಶಿ ದೇಣಿಗೆಯೇ ಅಂತ ಕಾಯ್ದೆಯಲ್ಲೇ ಬರೆದಿದೆ. ಎಫ್‌ಸಿಆರ್‌ಎ ಇರುವ ಇನ್ನೊಂದು ಟ್ರಸ್ಟ್ ತಗೊಂಡು ನಮಗೆ ಕೊಡಲಿ ಅನ್ನುವ ದಾರಿಯೂ ಕಾಯ್ದೆಯ ತಿದ್ದುಪಡಿಯಿಂದಾಗಿ 2020ರ ಸೆಪ್ಟೆಂಬರ್ 29ರಿಂದ ಮುಚ್ಚಿದೆ. ಹಿಂದೆ ದೊಡ್ಡ ಸಂಸ್ಥೆಗಳು ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಹಾಗೆ ಹಂಚುತ್ತಿದ್ದವು. ಆ ತಿದ್ದುಪಡಿಯಿಂದ ಜಾಸ್ತಿ ಪೆಟ್ಟು ಬಿದ್ದದ್ದು ನಿಮ್ಮಂಥವರಿಗೇ, ನನಗೆ ಅದು ಈಗಲೂ ಬೇಸರದ ವಿಷಯ. ಆದರೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿದಿದೆ. ಅನುಮತಿ ಇಲ್ಲದೆ ತಗೊಂಡರೆ 5 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು.

ಈಗ ನೋಂದಣಿಗೆ ಬರೋಣ. ಪೂರ್ಣ ನೋಂದಣಿಗೆ ಟ್ರಸ್ಟ್ ಶುರುವಾಗಿ ಕನಿಷ್ಠ 3 ವರ್ಷ ಆಗಿರಬೇಕು. ನಿಮಗೆ ಆಗಿದೆ. ಕಷ್ಟ ಇರುವುದು ಮುಂದಿನ ಷರತ್ತಿನಲ್ಲಿ. ಹಿಂದಿನ 3 ಹಣಕಾಸು ವರ್ಷಗಳಲ್ಲಿ ಮೂಲ ಕೆಲಸಕ್ಕೆಂದೇ ಒಟ್ಟು 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಆಫೀಸಿನ ಬಾಡಿಗೆ, ಗುಮಾಸ್ತರ ಸಂಬಳದಂಥ ಆಡಳಿತ ಖರ್ಚು ಇದರಲ್ಲಿ ಸೇರುವುದಿಲ್ಲ. ಕಟ್ಟಡ, ವಾಹನ, ಸಲಕರಣೆಗೆ ಹಾಕಿದ ದುಡ್ಡನ್ನು ಸೇರಿಸಬಹುದು. ಅದಕ್ಕೆ ಅವನ್ನು ಈ ಕೆಲಸಕ್ಕೆ ಮಾತ್ರ ಬಳಸುತ್ತೇವೆ ಅಂತ ಟ್ರಸ್ಟಿನ ಮುಖ್ಯಸ್ಥರು ಬರೆದುಕೊಡಬೇಕು. ವಾಚನಾಲಯಕ್ಕೆ ಕೊಠಡಿ ಕಟ್ಟಿಸಿದ್ದರೆ ಇದು ನಿಮ್ಮ ಉಪಯೋಗಕ್ಕೆ ಬರುತ್ತೆ.

15 ಲಕ್ಷ ಆಗಿಲ್ಲ ಅಂದರೆ ಇನ್ನೊಂದು ದಾರಿ ಪೂರ್ವಾನುಮತಿ. ನನ್ನ ಪ್ರಕಾರ ನಿಮಗೆ ಒಪ್ಪುವುದು ಇದೇ. ಇಂಥ ದಾನಿಯಿಂದ, ಇಷ್ಟು ದುಡ್ಡು, ಇಂಥ ಕೆಲಸಕ್ಕೆ ಅಂತ ಒಂದೇ ಬಾರಿಗೆ ಅನುಮತಿ ಕೇಳುವುದು. ಇದಕ್ಕೆ 3 ವರ್ಷ, 15 ಲಕ್ಷದ ಷರತ್ತು ಇಲ್ಲ. ದಾನಿ ಕೊಡುವ ಒಪ್ಪಿಗೆ ಪತ್ರ, ದುಡ್ಡನ್ನು ಹೇಗೆ ಖರ್ಚು ಮಾಡುತ್ತೀರಿ ಅನ್ನುವ ಯೋಜನಾ ವರದಿ ಬೇಕು. ದಾನಿ ನಿಮ್ಮ ಟ್ರಸ್ಟಿನ ಪದಾಧಿಕಾರಿ ಆಗಿರಬಾರದು. ಪದಾಧಿಕಾರಿಗಳಲ್ಲಿ ಕನಿಷ್ಠ ಶೇ 75 ಜನ ಅವನ ಮನೆಯವರೋ ಹತ್ತಿರದ ನೆಂಟರೋ ಅಲ್ಲದವರಾಗಿರಬೇಕು. ಹಳ್ಳಿಯ ಟ್ರಸ್ಟುಗಳಲ್ಲಿ ಅಣ್ಣ, ಭಾವ, ಚಿಕ್ಕಪ್ಪ ಅಂತ ಒಂದೇ ಮನೆಯವರು ತುಂಬಿರುತ್ತಾರೆ, ಅಲ್ವಾ? ಟ್ರಸ್ಟ್ ಡೀಡ್ ತೆಗೆದು ಹೆಸರು ಎಣಿಸಿ ನೋಡಿ.

ಎರಡೂ ಅರ್ಜಿ ಆನ್‌ಲೈನ್. ನೋಂದಣಿಗೆ ಎಫ್‌ಸಿ-3ಎ ಅನ್ನುವ ಫಾರಂ, ಶುಲ್ಕ 10,000 ರೂಪಾಯಿ. ಪೂರ್ವಾನುಮತಿಗೆ ಎಫ್‌ಸಿ-3ಬಿ, ಶುಲ್ಕ 5,000. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ನಂಬರ್ ಪಡೆದಿರಬೇಕು. ಪದಾಧಿಕಾರಿಗಳೆಲ್ಲರ ಆಧಾರ್ ಕೊಡಬೇಕು, ಇಲ್ಲದಿದ್ದರೆ ಭಾರತದ ಪಾಸ್‌ಪೋರ್ಟ್ ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬೊಬ್ಬರೂ ಅಫಿಡವಿಟ್ ಮಾಡಿಸಬೇಕು. ನೋಂದಣಿಯ ಅರ್ಜಿಗಾದರೆ ಮೂರು ವರ್ಷದ ಆಡಿಟ್ ಲೆಕ್ಕ, ಕೆಲಸದ ವರದಿಯೂ ಬೇಕು.

ಖಾತೆ ವಿಷಯದಲ್ಲಿ ಎಲ್ಲರೂ ಗಾಬರಿಯಾಗುತ್ತಾರೆ. ವಿದೇಶಿ ದೇಣಿಗೆ ಮೊದಲು ಬಂದು ಬೀಳಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿ, ಸಂಸದ್ ಮಾರ್ಗದಲ್ಲಿರುವ ಶಾಖೆ ಅದು. ಅದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ. ನಿಮ್ಮೂರ ಎಸ್‌ಬಿಐ ಶಾಖೆಯಲ್ಲೇ ಕಾಗದಪತ್ರ ಕೊಡಬಹುದು. ಅರ್ಜಿಯಲ್ಲಿ ಆ ಖಾತೆಯ ನಂಬರ್ ಬರೆಯಬೇಕಾದ್ದರಿಂದ ಖಾತೆ ಮೊದಲು, ಅರ್ಜಿ ಆಮೇಲೆ. ದುಡ್ಡು ಬಂದ ಮೇಲೆ ಊರಿನ ಬ್ಯಾಂಕಿನ ಬೇರೆ ಖಾತೆಗೆ ತರಿಸಿಕೊಂಡು ಖರ್ಚು ಮಾಡಬಹುದು. ಸ್ಥಳೀಯ ದೇಣಿಗೆಯ ಒಂದು ರೂಪಾಯಿಯೂ ಈ ಖಾತೆಗಳಿಗೆ ಸೇರಬಾರದು.

ಕಾಯ್ದೆಯಲ್ಲಿ 90 ದಿನ ಅಂತಿದ್ದರೂ ಅದಕ್ಕಿಂತ ಜಾಸ್ತಿ ಹಿಡಿಯಬಹುದು ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ. ವಿಚಾರಣೆಗೆ ಅಧಿಕಾರಿಗಳು ಬರಬಹುದು. ಪುಸ್ತಕದ ರಿಜಿಸ್ಟರ್, ವೋಚರ್, ಹಾಜರಿ ಪುಸ್ತಕ ತೆಗೆದಿಟ್ಟಿರಿ. ಅನುಮತಿ ಸಿಕ್ಕ ಮೇಲೂ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಎಫ್‌ಸಿ-4 ಅನ್ನುವ ವಾರ್ಷಿಕ ಲೆಕ್ಕದ ಫಾರಂ ಸಲ್ಲಿಸಬೇಕು. ಆಡಳಿತ ಖರ್ಚು ವಿದೇಶಿ ದೇಣಿಗೆಯ ಶೇ 20 ಮೀರುವಂತಿಲ್ಲ. ಪೂರ್ವಾನುಮತಿಯಾದರೆ ದುಡ್ಡು ತಗೊಳ್ಳಲು 3 ವರ್ಷ, ಖರ್ಚು ಮಾಡಲು 4 ವರ್ಷ, ಎರಡೂ ಅನುಮತಿ ಸಿಕ್ಕ ದಿನದಿಂದ. ಪೂರ್ಣ ನೋಂದಣಿ 5 ವರ್ಷಕ್ಕೊಮ್ಮೆ ನವೀಕರಣ.

3 ಲಕ್ಷಕ್ಕೆ ಇಷ್ಟೆಲ್ಲ ಬೇಕಾ ಅಂತ ಅನಿಸಬಹುದು. ಒಂದೇ ಸಲದ ದುಡ್ಡಾದರೆ, ಈಗಾಗಲೇ ಎಫ್‌ಸಿಆರ್‌ಎ ಇರುವ ಸಂಸ್ಥೆಯೇ ತನ್ನ ಕೆಲಸವಾಗಿ ನಿಮ್ಮೂರಿನಲ್ಲಿ ಪುಸ್ತಕ ಕೊಂಡು ಕಪಾಟು ಮಾಡಿಸಲಿ. ದುಡ್ಡು ನಿಮಗೆ ಕೊಡದೆ ತಾನೇ ಖರ್ಚು ಮಾಡಬೇಕು, ಬಿಲ್ಲು ಅವರ ಹೆಸರಿನಲ್ಲೇ ಇರಬೇಕು. ಮಕ್ಕಳಿಗೆ ಪುಸ್ತಕವಂತೂ ಸಿಗುತ್ತೆ.

ಅಮೆರಿಕದ ಪ್ರಜೆಯಾದ ಹುಡುಗ ಆಗಲೇ ಕಳಿಸಿಬಿಟ್ಟಿದ್ದರೆ ಅದರಲ್ಲಿ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಎಫ್‌ಸಿಆರ್‌ಎ ಗೊತ್ತಿರುವ ಸಿಎ ಹತ್ತಿರ ಹೋಗಿ. ಗೃಹ ಸಚಿವಾಲಯದ ಮುಂದೆ ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಕೊಳ್ಳುವ ಅವಕಾಶ ಕಾಯ್ದೆಯ 41ನೇ ಸೆಕ್ಷನ್‌ನಲ್ಲಿದೆ.

ಇನ್ನೂ ಕಳಿಸಿಲ್ಲ ಅಂದರೆ ಇವತ್ತೇ ಅವನಿಗೆ ಹೀಗೆ ಬರೆಯಿರಿ: "ನಿನ್ನ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಕಳಿಸಪ್ಪಾ. ದುಡ್ಡು ನಿನ್ನ ಸ್ವಂತ ಖಾತೆಯದ್ದಾ, ಕಂಪನಿಯದ್ದಾ, ಕೂಟದ್ದಾ ತಿಳಿಸು. ನಾವು ಹೇಳುವ ತನಕ ಏನೂ ಹಾಕಬೇಡ."