ಬಂಡೆಯ ಮೇಲಿನ ಹಿಂಗಾರು ಹೂ

ಅಪರೂಪದ ಹೂವಿಗೆ ಫಲವತ್ತಾದ ಮಣ್ಣು, ತಂಪು ನೆರಳು ಬೇಕು ಎಂಬ ನಂಬಿಕೆ ಎಷ್ಟು ತಪ್ಪು ಎನ್ನುವುದಕ್ಕೆ ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಸುತ್ತಲಿನ ಸುಣ್ಣಕಲ್ಲಿನ ಬಯಲುಗಳೇ ಸಾಕ್ಷಿ. ಸುಮಾರು 45 ಕೋಟಿ ವರ್ಷ ಹಳೆಯ ಬಂಡೆ. ಅದರ ಮೇಲೆ ಅಲ್ಲಲ್ಲಿ ಐದು ಸೆಂಟಿಮೀಟರ್‌ಗೂ ಕಡಿಮೆ ಮಣ್ಣು. ಚಳಿಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಕಾದ ಹೆಂಚು. ಮರ ಬೇರೂರುವುದಿಲ್ಲ, ಹುಲ್ಲೂ ದಟ್ಟವಾಗುವುದಿಲ್ಲ. ಪೈಪೋಟಿಯಿಲ್ಲದ ಇಂಥಲ್ಲೇ ಲೆವೆನ್‌ವರ್ಥಿಯಾ ಸ್ಟೈಲೋಸಾ ಎಂಬ ಪುಟ್ಟ ಗಿಡ ಅರಳುತ್ತದೆ. ಮಧ್ಯ ಟೆನೆಸಿ ಬಿಟ್ಟು ಬೇರೆಲ್ಲೂ ಇದು ತಾನಾಗಿ ಬೆಳೆಯದು.

ಇದರ ಬದುಕು ನಮ್ಮ ಹಿಂಗಾರು ಜೋಳದಂತೆ. ಶರತ್ಕಾಲದಲ್ಲಿ ಮೊಳೆತು, ಚಳಿಗಾಲವಿಡೀ ನೆಲಕ್ಕಂಟಿದ ಎಲೆಚಕ್ರವಾಗಿದ್ದು, ಮಾರ್ಚ್-ಏಪ್ರಿಲ್‌ನಲ್ಲಿ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಮೇ ತಿಂಗಳ ಮಳೆಗೆ ಆ ಬೀಜ ಮೊಳೆತರೆ ಅಲ್ಲಿನ ಜೂನ್-ಆಗಸ್ಟ್ ಬೇಸಿಗೆಗೆ ಸುಟ್ಟುಹೋದೀತು. ಹಾಗಾಗದಂತೆ ಹೊಸ ಬೀಜಕ್ಕೆ ಬೀಗ ಬಿದ್ದಿರುತ್ತದೆ. ಅದನ್ನು ತೆರೆಯುವುದು ಬೇಸಿಗೆಯ ಶಾಖವೇ! ಕೆಂಟಕಿ ವಿಶ್ವವಿದ್ಯಾಲಯದ ಜೆರ್ರಿ ಮತ್ತು ಕ್ಯಾರಲ್ ಬಾಸ್ಕಿನ್ ದಂಪತಿ ಇಂಥ ಬೀಜಗಳನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಬೀಗ ಸಡಿಲವಾದಂತೆ ಬೀಜ ಮೊದಲು ತಂಪಿನಲ್ಲಿ ಮಾತ್ರ ಮೊಳೆಯಬಲ್ಲದು, ಬರಬರುತ್ತ ಹೆಚ್ಚು ಬಿಸಿಯಲ್ಲೂ. ಇತ್ತ ಬೇಸಿಗೆ ಮುಗಿದಂತೆ ಹವೆಯ ಬಿಸಿ ಇಳಿಯುತ್ತಿರುತ್ತದೆ. ಬೆಟ್ಟದ ಮೆಟ್ಟಿಲಲ್ಲಿ ಒಬ್ಬ ಹತ್ತುತ್ತಿದ್ದಾನೆ, ಇನ್ನೊಬ್ಬ ಇಳಿಯುತ್ತಿದ್ದಾನೆ. ಇಬ್ಬರೂ ಎದುರಾಗುವ ಮೆಟ್ಟಿಲೇ ಮೊಳಕೆಯ ದಿನ. ತೇವವೊಂದಿದ್ದರೆ ಸಾಕು.

ಆದ್ದರಿಂದ ಹುಡುಕಾಟ ನವೆಂಬರ್‌ನಲ್ಲೇ ಶುರುವಾಗಲಿ. ಜಲ್ಲಿ ಮತ್ತು ಪಾಚಿ ಕೂಡುವ ಅಂಚಿನಲ್ಲಿ, ಮಳೆನೀರು ಒಸರುವ ತಗ್ಗಿನಲ್ಲಿ ಎಲೆಚಕ್ರಗಳನ್ನು ಗುರುತಿಸಿಡಿ. ಸೀಳೆಲೆಯ ತುದಿಯ ಭಾಗ ಉಳಿದವಕ್ಕಿಂತ ದೊಡ್ಡದಿರುತ್ತದೆ. ಮಾರ್ಚ್ ಕೊನೆಗೆ ಅಲ್ಲಿಗೇ ಮರಳಿ. ಎಲೆಯಿಲ್ಲದ ತೊಟ್ಟಿನ ಮೇಲೊಂದು ಹೂ, ಸಾಸಿವೆ ಬಳಗಕ್ಕೆ ತಕ್ಕಂತೆ ನಾಲ್ಕೇ ಎಸಳು, ಎಸಳ ತುದಿಗೊಂದು ಕಚ್ಚು. ಬಣ್ಣ ನಂಬಬೇಡಿ: ಹಳದಿ, ಬಿಳಿ, ತಿಳಿನೇರಳೆ ಎಲ್ಲವೂ ಇದೇ ಜಾತಿ. ಮೇ ಕೊನೆಗೆ ಹೋದವರಿಗೆ ಸಿಗುವುದು ಒಣಕಡ್ಡಿ. ಅದನ್ನು ಕಂಡು ಗಿಡ ಅಳಿಯಿತೆಂದುಕೊಳ್ಳಬೇಡಿ.

ಮಣ್ಣು ತುಸು ದಪ್ಪವಾಗಿ ಹುಲ್ಲು ಶುರುವಾಗುವಲ್ಲಿ ಇನ್ನೂ ಅಪರೂಪದ್ದೊಂದಿದೆ: ಆಸ್ಟ್ರಾಗಲಸ್ ಬೈಬುಲ್ಲೇಟಸ್, ಅವರೆ ಬಳಗದ ಕುಳ್ಳ ಗಿಡ. ಮರ್ಫ್ರೀಸ್‌ಬರೋ ಊರಿನ ಆಸುಪಾಸಿನಲ್ಲಷ್ಟೇ ಇರುವ ಇದಕ್ಕೆ ವೈಜ್ಞಾನಿಕ ಹೆಸರು ಬಂದದ್ದು 1987ರಲ್ಲಿ. 1991ರಲ್ಲೇ ಅಳಿವಿನಂಚಿನ ಪಟ್ಟಿ ಸೇರಿತು. ಇದರ ನೆಲೆ ಯಾರಿಗೂ ಹೇಳಬೇಡಿ, ಫೋಟೋದೊಂದಿಗೆ ಸ್ಥಳದ ಗುರುತನ್ನೂ ಹಾಕಬೇಡಿ.

ನಡೆಯುವಾಗ ಬರಿಬಂಡೆಯ ಮೇಲೇ ಕಾಲಿಡಿ. ಒದ್ದೆ ಮಣ್ಣಿನ ಮೇಲೆ ಒಂದು ಹೆಜ್ಜೆ ಬಿದ್ದರೂ ತೆಳು ಪದರ ಕಿತ್ತು, ಮುಂದಿನ ಮಳೆಗೆ ಬೀಜಸಮೇತ ಕೊಚ್ಚಿಹೋಗುತ್ತದೆ.