ಅಮ್ಮನಿಗೆ ಅಲೆಯ ಭಯ, ಅಪ್ಪನಿಗೆ ಸುರಂಗದ ದಿಗಿಲು: ಚಾನೆಲ್ ದಾಟುವುದು ಹೇಗೆ?

ಓದುಗರ ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಆಗಸ್ಟ್‌ನಲ್ಲಿ ಅಪ್ಪ–ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಅವರನ್ನು, ಹೆಂಡತಿ–ಮಗಳನ್ನು ಕರೆದುಕೊಂಡು ನಮ್ಮದೇ ಕಾರಿನಲ್ಲಿ ಪ್ಯಾರಿಸ್, ಅಲ್ಲಿಂದ ಸ್ವಿಟ್ಜರ್ಲೆಂಡ್‌ಗೆ ಹೋಗುವ ಯೋಚನೆ. ಇಂಗ್ಲೆಂಡ್–ಫ್ರಾನ್ಸ್ ನಡುವಿನ ಸಮುದ್ರ, ಅದೇ ಇಂಗ್ಲಿಷ್ ಚಾನೆಲ್, ದಾಟಲು ಹಡಗಿನಲ್ಲಿ ಹೋಗಬೇಕೋ, ಕಾರು ಹೊತ್ತೊಯ್ಯುವ ಸುರಂಗದ ರೈಲಿನಲ್ಲೋ? ಅಮ್ಮನಿಗೆ ಚಾರ್ಮಾಡಿ ಘಾಟಿ ಹತ್ತಿದರೇ ವಾಂತಿ. ಅಪ್ಪನಿಗೆ ಮಂಡಿನೋವು, ಜೊತೆಗೆ ಸಮುದ್ರದ ಕೆಳಗೆ ಹೋಗುವುದೆಂದರೆ ಎದೆ ಡವಡವ. ಏನು ಮಾಡೋಣ?

ಉತ್ತರ: ಹೋಗುವಾಗ ಸುರಂಗ, ಬರುವಾಗ ಹಡಗು. ಎರಡೂ ಕಡೆ ಒಂದೇ ದಿಕ್ಕಿನ ಟಿಕೆಟ್ ಸಿಗುತ್ತದೆ, ಹೋಗಿಬರುವುದು ಒಂದರಲ್ಲೇ ಆಗಬೇಕು ಎಂದೇನಿಲ್ಲ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದರೆ, ನಿಮ್ಮ ಪ್ರಶ್ನೆಯಲ್ಲಿ ಅಮ್ಮನ ಹೊಟ್ಟೆ ಇದೆ, ಅಪ್ಪನ ಮಂಡಿ ಇದೆ. ಆದರೆ ಕಾರು ಓಡಿಸುವವರನ್ನು ಮರೆತುಬಿಟ್ಟಿದ್ದೀರಿ. ಅದು ನೀವೇ ಅಲ್ವಾ?

ಎಲ್ಲರೂ ಮೊದಲು ನೋಡುವುದು ಗಂಟೆಯ ಲೆಕ್ಕ. ಇಂಗ್ಲೆಂಡಿನ ಫೋಕ್‌ಸ್ಟನ್‌ನಿಂದ ಫ್ರಾನ್ಸ್‌ನ ಕ್ಯಾಲೆ ಪಕ್ಕದ ಕೋಕೆಲ್‌ಗೆ ಸುರಂಗದ ರೈಲು 35 ನಿಮಿಷದಲ್ಲಿ ಮುಟ್ಟಿಸುತ್ತದೆ. ಡೋವರ್‌ನಿಂದ ಕ್ಯಾಲೆಗೆ ಹಡಗು ಸುಮಾರು 90 ನಿಮಿಷ ತೆಗೆದುಕೊಳ್ಳುತ್ತದೆ. ಎರಡಕ್ಕೂ ಮುಂಚಿತವಾಗಿ ಹೋಗಿ ಸಾಲು ನಿಲ್ಲಬೇಕು. ಎರಡರಲ್ಲೂ ಫ್ರಾನ್ಸ್‌ನ ಪಾಸ್‌ಪೋರ್ಟ್ ತಪಾಸಣೆ ಇಂಗ್ಲೆಂಡಿನ ನೆಲದಲ್ಲೇ ಮುಗಿಯುತ್ತದೆ. ಕಾರು ಹತ್ತಿಸಿ ಇಳಿಸುವ ಹೊತ್ತೂ ಸೇರಿದರೆ ಮನೆಯಿಂದ ಲೆಕ್ಕ ಹಾಕಿದಾಗ ಉಳಿಯುವುದು ಒಂದು, ಹೆಚ್ಚೆಂದರೆ ಒಂದೂವರೆ ಗಂಟೆ. ಆಚೆ ದಡದಿಂದ ಪ್ಯಾರಿಸ್‌ಗೆ ಇನ್ನೂ ಸುಮಾರು 300 ಕಿಲೋಮೀಟರ್ ಇರುವಾಗ ಅದೇನೂ ಭಾರಿ ಉಳಿತಾಯವಲ್ಲ. ಅಂದಹಾಗೆ, ಆಚೆ ದಡದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇರುತ್ತದೆ. ಮೊದಲ ಸಲ ಹೋದವರು ಫೋನ್ ನೋಡಿ, ಅಯ್ಯೋ ಇಷ್ಟು ಹೊತ್ತಾಯ್ತಾ ಎಂದು ಗಾಬರಿಯಾಗುತ್ತಾರೆ.

ಈಗ ಅಪ್ಪನ ದಿಗಿಲಿಗೆ ಬರೋಣ. ಸುರಂಗ ಎಂದಾಗ ಅವರ ಕಣ್ಣಿಗೆ ಬರುವುದು ನೀರಿನೊಳಗೆ ಹಾಕಿದ ಒಂದು ಕೊಳವೆ ಇರಬೇಕು. ಹಾಗಿಲ್ಲ ಎಂದು ಮೊದಲೇ ಹೇಳಿಬಿಡಿ. ಅದು ಸಮುದ್ರದ ತಳಕ್ಕಿಂತ ಸರಾಸರಿ 40 ಮೀಟರ್ ಕೆಳಗೆ ಕಲ್ಲಿನಲ್ಲಿ ಕೊರೆದದ್ದು. ಸೀಮೆಸುಣ್ಣದ ಕಲ್ಲಿಗೆ ಜೇಡಿ ಬೆರೆತ ಪದರ ಅಲ್ಲಿದೆ. ಕೊರೆಯಲು ಮೆತ್ತಗೆ, ನೀರು ಜಿನುಗುವುದೂ ಕಡಿಮೆ. ಆ ಪದರವನ್ನೇ ಹಿಡಿದುಕೊಂಡು ಸುರಂಗ ಸಾಗುತ್ತದೆ. ಒಟ್ಟು ಉದ್ದ 50 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ, ಅದರಲ್ಲಿ ಸುಮಾರು 38 ಕಿಲೋಮೀಟರ್ ಸಮುದ್ರದಡಿ. ಇರುವುದು ಒಂದು ಸುರಂಗವಲ್ಲ, ಮೂರು. ಹೋಗುವ ರೈಲಿಗೊಂದು, ಬರುವ ರೈಲಿಗೊಂದು, ಇವೆರಡರ ನಡುವೆ ಚಿಕ್ಕದೊಂದು. ಆ ಚಿಕ್ಕದು ರಿಪೇರಿ ಕೆಲಸಕ್ಕೂ ಹೌದು, ಏನಾದರೂ ಆದರೆ ಜನರನ್ನು ಹೊರತರಲೂ ಹೌದು. ಪ್ರತಿ 375 ಮೀಟರಿಗೆ ಅದಕ್ಕೊಂದು ಅಡ್ಡದಾರಿ ಇದೆ. ಹೊಗೆ ಒಳಗೆ ನುಗ್ಗದಿರಲಿ ಎಂದು ಅದರಲ್ಲಿ ಗಾಳಿಯ ಒತ್ತಡವನ್ನು ಪಕ್ಕದ ಸುರಂಗಗಳಿಗಿಂತ ಹೆಚ್ಚು ಇಟ್ಟಿರುತ್ತಾರೆ.

ಬೆಂಕಿ ಬಿದ್ದಿಲ್ಲವೇ ಎಂದು ಅವರು ಕೇಳಿದರೆ ಸುಳ್ಳು ಹೇಳಬೇಡಿ. 1996, 2008, 2015ರಲ್ಲಿ ಬಿದ್ದಿದೆ. ಮೂರೂ ಸಲ ಅದು ಲಾರಿಗಳನ್ನು ಹೊತ್ತ ರೈಲಿನಲ್ಲಿ. ಕಾರಿನವರ ರೈಲು ಬೇರೆ. ಯಾರೂ ಸಾಯಲಿಲ್ಲ, ಜನರನ್ನು ಆ ನಡುವಿನ ಸುರಂಗದ ಮೂಲಕವೇ ಸಾಗಿಸಿದರು.

ಅಪ್ಪನಿಗೆ ಹಳೆಯ ಕಥೆಗಳು ಇಷ್ಟವಾದರೆ ಇದನ್ನೂ ಹೇಳಿ. 1802ರಲ್ಲೇ ಆಲ್ಬೆರ್ ಮಾತ್ಯೂ ಎಂಬ ಫ್ರೆಂಚ್ ಎಂಜಿನಿಯರ್ ಇಲ್ಲಿ ಸುರಂಗ ತೋಡಬಹುದು ಎಂದಿದ್ದ. ಎಣ್ಣೆ ದೀಪದ ಬೆಳಕಿನಲ್ಲಿ ಕುದುರೆ ಗಾಡಿಗಳು ಓಡುವುದು, ನಡುವೆ ಕುದುರೆ ಬದಲಿಸಲು ಸಮುದ್ರದಲ್ಲಿ ಒಂದು ದ್ವೀಪ ಕಟ್ಟುವುದು ಅವನ ಯೋಜನೆ. 1880ರ ಸುಮಾರಿಗೆ ನಿಜವಾಗಿಯೇ ಕೊರೆಯಲು ಶುರು ಮಾಡಿದರು. ಫ್ರಾನ್ಸ್‌ನ ಸೈನ್ಯ ಇದರೊಳಗಿಂದ ಬಂದುಬಿಟ್ಟರೆ ಏನು ಗತಿ ಎಂದು ಬ್ರಿಟಿಷರು ಹೆದರಿ ನಿಲ್ಲಿಸಿದರು. ಕೊನೆಗೆ ಎರಡೂ ಕಡೆಯಿಂದ ಕೊರೆದವರು ಸಮುದ್ರದಡಿ ಕೈಕುಲುಕಿದ್ದು 1990ರ ಡಿಸೆಂಬರ್ 1ರಂದು. 1994ರ ಮೇ 6ರಂದು ರಾಣಿ ಎಲಿಜಬೆತ್ ಮತ್ತು ಫ್ರಾನ್ಸ್‌ನ ಅಧ್ಯಕ್ಷ ಮಿತ್ತೆರಾಂ ಉದ್ಘಾಟನೆ ಮಾಡಿದರು. ಹೆದರಿದವರಲ್ಲಿ ನಿಮ್ಮ ಅಪ್ಪ ಮೊದಲನೆಯವರೇನಲ್ಲ.

ಒಳಗೆ ಹೇಗಿರುತ್ತದೆ? ಕಾರನ್ನು ಓಡಿಸಿಕೊಂಡೇ ರೈಲಿನೊಳಗೆ ಹೋಗಿ, ಮುಂದಿನ ಕಾರಿನ ಹಿಂದೆ ನಿಲ್ಲಿಸುತ್ತೀರಿ. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಕಿಟಕಿಗಳನ್ನು ಅರ್ಧ ಇಳಿಸಿ ಎನ್ನುತ್ತಾರೆ. ಡಬ್ಬಿ ತುಂಬ ಬೆಳಕು. ಕತ್ತಲೆಯ ಗುಹೆಯ ಅನುಭವ ಸ್ವಲ್ಪವೂ ಆಗುವುದಿಲ್ಲ. ನಿಜ ಹೇಳಬೇಕೆಂದರೆ ನೋಡಲು ಏನೂ ಇರುವುದಿಲ್ಲ, ಬೋರು. ಕಿವಿ ಸ್ವಲ್ಪ ಗುಂಯ್ ಎನ್ನಬಹುದು. ಮಂಡಿನೋವಿನವರಿಗೆ ಇದಕ್ಕಿಂತ ಸುಖ ಇಲ್ಲ, ಯಾಕೆಂದರೆ ಕಾರಿನ ಸೀಟಿನಿಂದ ಏಳುವುದೇ ಬೇಡ. ಶೌಚಾಲಯ ಎಲ್ಲ ಡಬ್ಬಿಯಲ್ಲೂ ಇರುವುದಿಲ್ಲ, ಹಾಗಾಗಿ ಸ್ಟೇಷನ್ನಿನಲ್ಲೇ ಮುಗಿಸಿಕೊಳ್ಳಿ. ಕಾರಿನ ನೆತ್ತಿಯ ಮೇಲೆ ಲಗೇಜು ಪೆಟ್ಟಿಗೆ ಕಟ್ಟುವಿರಾದರೆ ಒಟ್ಟು ಎತ್ತರ ಅಳೆದಿಡಿ. 1.85 ಮೀಟರ್ ದಾಟಿದರೆ ಬೇರೆ ಡಬ್ಬಿ, ಬುಕ್ ಮಾಡುವಾಗಲೇ ಹೇಳಬೇಕು. ಗ್ಯಾಸ್‌ನಲ್ಲಿ ಓಡುವ ಕಾರನ್ನು ಈ ರೈಲಿಗೆ ಹತ್ತಿಸುವುದಿಲ್ಲ.

ಹೋಗುವ ದಿನ ನೀವು ತಾಜಾ ಇರುತ್ತೀರಿ, ಬೆಳಗ್ಗೆ ಬೇಗ ಹೊರಟು ಸುರಂಗದಲ್ಲಿ ದಾಟಿದರೆ ಸಂಜೆಯೊಳಗೆ ಪ್ಯಾರಿಸ್. ಬರುವ ದಿನದ ಕಥೆಯೇ ಬೇರೆ. ಇಂಟರ್‌ಲಾಕೆನ್ ಕಡೆಯಿಂದ ಕ್ಯಾಲೆಗೆ ಸುಮಾರು 800 ಕಿಲೋಮೀಟರ್. ನಡುವೆ ಒಂದು ರಾತ್ರಿ ತಂಗಿದರೂ ಸೊಂಟ ಹಿಡಿದಿರುತ್ತದೆ. ಸುರಂಗದ 35 ನಿಮಿಷದಲ್ಲಿ ನೀವು ಸ್ಟೇರಿಂಗ್ ಹಿಂದೆಯೇ ಕೂತಿರುತ್ತೀರಿ, ಅದು ವಿಶ್ರಾಂತಿ ಅಲ್ಲ. ಹಡಗಿನಲ್ಲಿ ಕಾರು ಬಿಟ್ಟು ಮೇಲೆ ಹೋಗಲೇಬೇಕು. ಪ್ರಯಾಣದ ಹೊತ್ತಿನಲ್ಲಿ ಕಾರಿನ ಡೆಕ್ ಮುಚ್ಚಿರುತ್ತದೆ. ಕಾಫಿ ಕುಡಿದು, ಕಾಲು ಚಾಚಿ, ಅರ್ಧ ಗಂಟೆ ಕಣ್ಣು ಮುಚ್ಚಬಹುದು. ಡೋವರ್‌ನಿಂದ ರೆಡಿಂಗ್‌ಗೆ ಇನ್ನೂ ಎರಡು ಗಂಟೆಗೂ ಜಾಸ್ತಿ ಓಡಿಸಬೇಕಲ್ಲ, ಆ ನಿದ್ದೆಗೆ ಬೆಲೆ ಕಟ್ಟಲಾಗದು.

ಹಾಗಾದರೆ ಅಮ್ಮನ ಗತಿ? ಸಿಗಂದೂರಿನ ಲಾಂಚನ್ನು ನೆನೆಸಿಕೊಂಡು ಅವರು ಹೆದರುವುದು ಬೇಡ. ಇವು ನೂರಾರು ಕಾರು, ಲಾರಿ ತುಂಬಿಕೊಳ್ಳುವ, ಹಲವು ಅಂತಸ್ತಿನ ಹಡಗುಗಳು. ಆಗಸ್ಟ್‌ನಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಚಳಿಗಾಲದಲ್ಲಿ ಕೇಳಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ವಾಂತಿಯ ಮಾತ್ರೆಯನ್ನು ಹಡಗು ಹೊರಡುವುದಕ್ಕೆ ಮುಂಚೆಯೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಬಿಪಿ, ಶುಗರ್ ಮಾತ್ರೆ ನಡೆಯುತ್ತಿದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ. ಹಡಗಿನ ಮೂತಿಯ ಕಡೆ ತೂಗಾಟ ಜಾಸ್ತಿ, ನಡುವೆ ಕೆಳ ಅಂತಸ್ತಿನಲ್ಲಿ ಕಡಿಮೆ. ಅಲ್ಲಿ ಕಿಟಕಿ ಪಕ್ಕ ಕೂರಿಸಿ, ದೂರದಲ್ಲಿ ಸಮುದ್ರ–ಆಕಾಶ ಸೇರುವ ಗೆರೆ ನೋಡಲು ಹೇಳಿ, ಫೋನ್ ಕೈಗೆ ಕೊಡಬೇಡಿ. ಅಪ್ಪನ ಮಂಡಿಗೆ ಕಷ್ಟವಾಗುವುದು ಡೆಕ್ಕಿನಿಂದ ಹತ್ತುವ ಕಡಿದಾದ ಮೆಟ್ಟಿಲು. ಲಿಫ್ಟ್ ಇರುತ್ತದೆ. ಬುಕ್ ಮಾಡುವಾಗಲೂ ಹೇಳಿ, ಚೆಕ್ ಇನ್‌ನಲ್ಲಿ ಮತ್ತೊಮ್ಮೆ ಹೇಳಿ, ಕಾರನ್ನು ಲಿಫ್ಟಿನ ಹತ್ತಿರ ನಿಲ್ಲಿಸಿಕೊಡುತ್ತಾರೆ.

ದುಡ್ಡಿನ ವಿಷಯ ಚಿಕ್ಕದು. ಸುರಂಗದ ರೈಲಿನ ಟಿಕೆಟ್ ಕಾರಿಗೆ, ಒಳಗಿರುವ ತಲೆಗಲ್ಲ, 9 ಜನರವರೆಗೂ ಒಂದೇ. ಹಡಗು ಸಾಮಾನ್ಯವಾಗಿ ಅದಕ್ಕಿಂತ ಅಗ್ಗ. ಎರಡರ ಬೆಲೆಯೂ ದಿನ, ಹೊತ್ತು ನೋಡಿ ಏರಿಳಿಯುತ್ತದೆ, ಆಗಸ್ಟ್‌ನ ಶನಿವಾರ ಬೆಳಗ್ಗೆಯಂತೂ ಕಣ್ಣು ಬಿಡುವ ಹಾಗಿರುತ್ತದೆ. ಬುಧವಾರ ಹೊರಡಿ.

ಸುರಂಗಕ್ಕೆ ಮಳೆ–ಗಾಳಿಯ ಕಾಟ ಇಲ್ಲ ಎನ್ನುವುದು ಬಹುಮಟ್ಟಿಗೆ ನಿಜ, ಪೂರ್ತಿ ಅಲ್ಲ. 2009ರ ಡಿಸೆಂಬರ್‌ನ ಹಿಮದಲ್ಲಿ ಕಾರಿಲ್ಲದೆ ಜನರನ್ನಷ್ಟೇ ಒಯ್ಯುವ ಐದು ಯೂರೋಸ್ಟಾರ್ ರೈಲುಗಳು ಕೆಟ್ಟು ಎರಡು ಸಾವಿರಕ್ಕೂ ಹೆಚ್ಚು ಜನ ಸುರಂಗದಲ್ಲೇ ಸಿಕ್ಕಿಬಿದ್ದಿದ್ದರು. ಬಿರುಗಾಳಿಗೆ ಹಡಗು ನಿಂತರೆ ಜನ ಸುರಂಗಕ್ಕೆ ನುಗ್ಗುತ್ತಾರೆ, ಸುರಂಗದಲ್ಲಿ ಏನಾದರೂ ಕೆಟ್ಟರೆ ಡೋವರ್‌ಗೆ ನುಗ್ಗುತ್ತಾರೆ. ಎರಡಕ್ಕೂ ಹೋಗುವ ಮುಖ್ಯ ಹೆದ್ದಾರಿ ಎಂ20. ಒಂದು ಕೆಟ್ಟರೆ ಇನ್ನೊಂದೂ ಅರ್ಧ ಕೆಟ್ಟ ಹಾಗೆ. ನಾನು ಒಮ್ಮೆ ಆ ಸಾಲಿನಲ್ಲಿ ನಾಲ್ಕು ಗಂಟೆ ಕೂತಿದ್ದೆ. ಕಾರಿನಲ್ಲಿದ್ದದ್ದು ಅರ್ಧ ಡಬ್ಬಿ ಚಕ್ಕುಲಿ, ಒಂದು ಬಾಟಲಿ ನೀರು. ಆವತ್ತಿನಿಂದ ಪುಳಿಯೋಗರೆ ಕಟ್ಟಿಕೊಳ್ಳದೆ ಹೊರಟಿಲ್ಲ.

ಬುತ್ತಿ ಎಂದ ಕೂಡಲೇ ಮೊಸರನ್ನ ಕಲಸಬೇಡಿ. ಈಗಿನ ನಿಯಮದಲ್ಲಿ ಬ್ರಿಟನ್‌ನಿಂದ ಯುರೋಪಿಯನ್ ಒಕ್ಕೂಟಕ್ಕೆ ಹಾಲು, ಮೊಸರು, ಬೆಣ್ಣೆ, ಮಾಂಸ ಒಯ್ಯುವಂತಿಲ್ಲ. ಹಸಿ ಕರಿಬೇವಿಗೂ ಪ್ರಮಾಣಪತ್ರ ಬೇಕು. ಆದರೆ ಬಾಳೆಹಣ್ಣು ಮತ್ತು ತೆಂಗಿನಕಾಯಿಗೆ ವಿನಾಯಿತಿ ಇದೆ. ನಮ್ಮ ಹಣ್ಣುಕಾಯಿ ತಟ್ಟೆಯನ್ನು ನೋಡಿಯೇ ಪಟ್ಟಿ ಮಾಡಿದ್ದಾರೇನೋ ಅನ್ನಿಸುತ್ತದೆ! ಬರುವಾಗಲೂ ಅಷ್ಟೇ. 2025ರ ಏಪ್ರಿಲ್‌ನಿಂದ ಫ್ರಾನ್ಸ್‌ನ ಚೀಸ್ ತರುವುದಕ್ಕೆ ಬ್ರಿಟನ್ ತಡೆ ಹಾಕಿದೆ. ಚಾಕೊಲೇಟ್ ತರಬಹುದು.

ಹಡಗು–ಸುರಂಗಕ್ಕಿಂತ ಮುಂಚೆ ಬಗೆಹರಿಯಬೇಕಾದದ್ದು ವೀಸಾ. ಭಾರತದ ಪಾಸ್‌ಪೋರ್ಟ್ ಇರುವ ಎಲ್ಲರಿಗೂ ಷೆಂಗೆನ್ ವೀಸಾ (ಫ್ರಾನ್ಸ್, ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು, ನೀವು ಬ್ರಿಟನ್‌ನಲ್ಲಿ ಹತ್ತು ವರ್ಷದಿಂದ ಇದ್ದರೂ ಸರಿ. ಅದನ್ನು ವಾಸವಿರುವ ದೇಶದಿಂದ ಹಾಕುವುದು ನಿಯಮ, ಆದ್ದರಿಂದ ಅಪ್ಪ–ಅಮ್ಮ ಭಾರತದಿಂದ ಹೊರಡುವ ಮುಂಚೆಯೇ ಮಾಡಿಸಿಕೊಂಡು ಬರಲಿ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ವಾಪಸ್ ಬರುವ ದಿನಕ್ಕೂ ಅವರ ಬ್ರಿಟನ್ ವೀಸಾ ಜೀವಂತ ಇದೆಯೇ ನೋಡಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದಿರುವ ಯುರೋಪಿನ ಹೊಸ ಗಡಿ ವ್ಯವಸ್ಥೆಯಲ್ಲಿ ಫೋಟೊ, ಬೆರಳಚ್ಚು ತೆಗೆಯುತ್ತಾರೆ. 12 ವರ್ಷದೊಳಗಿನ ಮಕ್ಕಳಿಗೆ ಫೋಟೊ ಸಾಕು. ಮೊದಲ ಸಲ ಹೊತ್ತು ಹಿಡಿಯುತ್ತದೆ.

ಸ್ವಿಟ್ಜರ್ಲೆಂಡ್ ಬಿಟ್ಟು ಪ್ಯಾರಿಸ್ ಮಾತ್ರ ಎಂದು ಯೋಜನೆ ಬದಲಾದರೆ ಕಾರನ್ನು ಮನೆಯಲ್ಲೇ ಬಿಡಿ. ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ಯೂರೋಸ್ಟಾರ್ ಎರಡೂಕಾಲು ಗಂಟೆಯಲ್ಲಿ ಊರ ನಡುವೆ ಇಳಿಸುತ್ತದೆ, ಪ್ಯಾರಿಸ್‌ನಲ್ಲಿ ಪಾರ್ಕಿಂಗ್ ಹುಡುಕುವ ಗೋಳಿಲ್ಲ. ನಾರ್ಮಂಡಿಗೆ ಹೋಗುವವರಿಗೆ ಪೋರ್ಟ್ಸ್‌ಮತ್‌ನಿಂದ ಕಾನ್ ಕಡೆಗೆ ಹೋಗುವ ಹಡಗು ಒಳ್ಳೆಯದು. ಲೀಡ್ಸ್, ಮ್ಯಾಂಚೆಸ್ಟರ್ ಕಡೆಯವರು ಡೋವರ್‌ವರೆಗೆ ಇಳಿದು ಬರುವುದು ಸುಮ್ನೆ ದಣಿವು. ಹಲ್‌ನಿಂದ ರಾಟರ್‌ಡ್ಯಾಮ್‌ಗೆ ರಾತ್ರಿ ಹಡಗಿದೆ, ಮಲಗಿ ಎದ್ದರೆ ಹಾಲೆಂಡ್.

ವಾಪಸ್ ಬರುವ ಹಡಗಿನಲ್ಲಿ ಕೊನೆಯ ಇಪ್ಪತ್ತು ನಿಮಿಷ ಅಪ್ಪನನ್ನು ಮೇಲಿನ ಡೆಕ್ಕಿಗೆ ಕರೆದುಕೊಂಡು ಹೋಗಿ. ಡೋವರ್‌ನ ಬಿಳಿ ಬಂಡೆಗಳು ಹತ್ತಿರ ಬರುವುದು ಕಾಣುತ್ತದೆ, ಸುರಂಗ ಕೊರೆದದ್ದೂ ಅದೇ ಜಾತಿಯ ಕಲ್ಲಿನಲ್ಲಿ. ಇಳಿಯುವ ಕರೆ ಬಂದಾಗ ಕಾರು ಯಾವ ಡೆಕ್ಕಿನಲ್ಲಿದೆ ಎನ್ನುವ ನಂಬರು ನೆನಪಿರಲಿ. ಕಾರು ಹೊರಬಂದ ಕೂಡಲೇ ಮತ್ತೆ ರಸ್ತೆಯ ಎಡಕ್ಕೆ. ಹತ್ತು ದಿನ ಬಲಕ್ಕೆ ಓಡಿಸಿದ ಕೈಗೆ ಅದು ತಪ್ಪಬಹುದು, ಪಕ್ಕದಲ್ಲಿ ಕೂತವರು ಎಡ, ಎಡ ಎಂದು ಹೇಳುತ್ತಿರಲಿ.